ನೆಲನೆಲ್ಲಿ ಕುಡಿದರೆ ಕಾಮಾಲೆ ವಾಸಿಯಾಗುತ್ತಾ? ಹಸಿರು ಮದ್ದನ್ನು ವಿಜ್ಞಾನ ಪರೀಕ್ಷಿಸುವ ಬಗೆ

ಕಾಮಾಲೆ ಅಂತ ಬಾಯಿಬಿಟ್ಟರೆ ಸಾಕು, ಎದುರಿಗಿದ್ದವರಲ್ಲಿ ಒಬ್ಬರಾದರೂ ನೆಲನೆಲ್ಲಿಯ ಹೆಸರು ಹೇಳುತ್ತಾರೆ. ಕೆಲವರು ಅದನ್ನೇ ಕಿರುನೆಲ್ಲಿ ಅಂತಾರೆ. ಬೇರು ಸಮೇತ ಕಿತ್ತು, ತೊಳೆದು, ನುಣ್ಣಗೆ ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕಲಸಿ ಖಾಲಿ ಹೊಟ್ಟೆಗೆ ಕುಡಿಸುತ್ತಾರೆ. ಮೂರು ದಿನ ಅನ್ನುವವರಿದ್ದಾರೆ, ಏಳು ದಿನ ಅನ್ನುವವರಿದ್ದಾರೆ. ಜೊತೆಗೆ ಪಥ್ಯ ಬೇರೆ. ಎಣ್ಣೆ ಇಲ್ಲ, ಕರಿದದ್ದು ಇಲ್ಲ, ಖಾರ ಇಲ್ಲ. ಹೀಗೆ ಕುಡಿದವರಲ್ಲಿ ಬಹಳಷ್ಟು ಜನ ಹುಷಾರಾಗುತ್ತಾರೆ. ಇದು ಸುಳ್ಳಲ್ಲ, ನಮ್ಮ ನಿಮ್ಮ ಮನೆಗಳಲ್ಲೇ ಅಂಥವರು ಸಿಗುತ್ತಾರೆ.

ಪ್ರಶ್ನೆ ಅವರು ಹುಷಾರಾದರೋ ಇಲ್ಲವೋ ಅನ್ನುವುದಲ್ಲ. ಹುಷಾರು ಮಾಡಿದ್ದು ಯಾವುದು ಅನ್ನುವುದು. ಗಿಡವೇ? ಪಥ್ಯವೇ? ಅಥವಾ ಸುಮ್ನೆ ಮಲಗಿದ್ದರೂ ಆಗುತ್ತಿತ್ತೇ? ನಾಟಿ ಮದ್ದಿನ ಮೇಲೆ ನಡೆಯುವ ಸಂಶೋಧನೆ ಎಲ್ಲಾ ಸುತ್ತುವುದು ಈ ಒಂದು ಪ್ರಶ್ನೆಯ ಸುತ್ತ. ಕೇಳುವುದು ಸುಲಭ, ಉತ್ತರ ಕಂಡುಕೊಳ್ಳುವುದು ತುಂಬಾ ಕಷ್ಟ. ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ನೆಲನೆಲ್ಲಿಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿಯೊಬ್ಬರು ಇದರ ಹಿಂದೆ ಬಿದ್ದಿದ್ದರು. ಮದ್ರಾಸಿನಲ್ಲಿ ಇದರ ಮೇಲೆ ನಡೆದ ಪ್ರಯೋಗ ಜಗತ್ತಿನ ಗಮನ ಸೆಳೆದಿತ್ತು. ಆಮೇಲೆ ಎಲ್ಲಾ ಗೋಜಲಾಯಿತು.

ಮೊದಲು, ಕಾಮಾಲೆ ಅಂದರೆ ಏನು?

ಕಾಮಾಲೆ ಒಂದು ರೋಗವಲ್ಲ, ಒಂದು ಲಕ್ಷಣ. ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ. ಹಳೆಯ ಕಣ ಒಡೆದಾಗ ಬಿಲಿರುಬಿನ್ ಅನ್ನುವ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ರಕ್ತದಿಂದ ಹೆಕ್ಕಿ ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ಹಳದಿ ರಕ್ತದಲ್ಲೇ ಉಳಿಯುತ್ತದೆ. ಕಣ್ಣಿನ ಬಿಳಿಭಾಗ, ಚರ್ಮ, ಮೂತ್ರ ಎಲ್ಲಾ ಹಳದಿ.

ತಡೆ ಯಾಕೆ ಆಯಿತು ಅನ್ನುವುದಕ್ಕೆ ಕಾರಣ ಹತ್ತಾರು. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು. ರಕ್ತದಿಂದ, ತಾಯಿಯಿಂದ ಮಗುವಿಗೆ, ಲೈಂಗಿಕ ಸಂಪರ್ಕದಿಂದ ಹರಡುವ ಹೆಪಟೈಟಿಸ್ ಬಿ. ಕುಡಿತ. ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲು. ಇಲಿಜ್ವರ. ಟಿಬಿ ಮಾತ್ರೆಗಳು. ಕೆಲವೊಮ್ಮೆ ಕ್ಯಾನ್ಸರ್. ಇವೆಲ್ಲಕ್ಕೂ ಹೊರಗಿನಿಂದ ಕಾಣುವ ಬಣ್ಣ ಒಂದೇ. ಕಲ್ಲು ಸಿಕ್ಕಿಕೊಂಡವರಿಗೂ ನೆಲನೆಲ್ಲಿ, ವೈರಸ್ ಬಂದವರಿಗೂ ನೆಲನೆಲ್ಲಿ. ಹೀಗಿರುವಾಗ 'ಕಾಮಾಲೆಗೆ ಈ ಗಿಡ ಕೆಲಸ ಮಾಡುತ್ತದಾ' ಅನ್ನುವ ಪ್ರಶ್ನೆಯೇ ಅರ್ಧಂಬರ್ಧ. ಯಾವ ಕಾಮಾಲೆಗೆ ಅಂತ ಕೇಳಬೇಕು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಹಳ್ಳಿಗಳಲ್ಲಿ ಜಾಸ್ತಿ ಕಾಣುವ ಎ ಮತ್ತು ಇ ಕಾಮಾಲೆ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ದೊಡ್ಡವರಿಗೆ ಹೊಸದಾಗಿ ಹೆಪಟೈಟಿಸ್ ಬಿ ತಗುಲಿದರೂ 100ರಲ್ಲಿ 95 ಜನರ ದೇಹ ವೈರಸ್ಸನ್ನು ತಾನೇ ಹೊರಹಾಕುತ್ತದೆ. ಹೆಪಟೈಟಿಸ್ ಎ ಬಂದವರ ಕಣ್ಣು ಹಳದಿಯಾಗುವ ಹೊತ್ತಿಗೆ ಮಲದಲ್ಲಿ ಹೊರಬೀಳುವ ವೈರಸ್ ಆಗಲೇ ಇಳಿಮುಖವಾಗಿರುತ್ತದೆ. ದೇಹ ಗೆಲ್ಲುತ್ತಿರುವಾಗಲೇ ನಾವು ಮದ್ದಿನ ಮನೆ ಬಾಗಿಲು ತಟ್ಟುತ್ತೇವೆ. ಆ ದಿನ ಏನು ಕುಡಿದಿದ್ದರೂ ಹೆಸರು ಅದಕ್ಕೇ ಬರುತ್ತಿತ್ತು. ಇದರಲ್ಲಿ ನಾಟಿ ವೈದ್ಯರ ಮೋಸ ಏನೂ ಇಲ್ಲ. ಅವರು ಕಂಡದ್ದೂ ಅದನ್ನೇ. ಹುಷಾರಾದವರು ಊರೆಲ್ಲಾ ಹೇಳಿಕೊಂಡು ಬರುತ್ತಾರೆ. ಆಗದವರು ದೊಡ್ಡಾಸ್ಪತ್ರೆಗೆ ಹೋಗಿರುತ್ತಾರೆ, ಇಲ್ಲಾ ಹೇಳಲು ಉಳಿದಿರುವುದಿಲ್ಲ.

ಉತ್ತರ ಭಾರತದ ಹಲವೆಡೆ ಕಾಮಾಲೆ ಇಳಿಸುವ ಒಂದು ಪದ್ಧತಿ ಇದೆ. ಕೈಗೆ ಮಾವಿನ ತೊಗಟೆಯ ರಸ ಹಚ್ಚಿ ಸುಣ್ಣದ ನೀರಿನಲ್ಲಿ ತೊಳೆಸುತ್ತಾರೆ. ನೀರು ಹಳದಿಯಾಗುತ್ತದೆ. ನೋಡಿ, ಕಾಮಾಲೆ ಇಳೀತು! ತೊಗಟೆಯ ರಸದಲ್ಲಿರುವ ವಸ್ತುಗಳು ಸುಣ್ಣ ತಾಗಿದರೆ ಹಳದಿಗೆ ತಿರುಗುತ್ತವೆ, ಅಷ್ಟೇ. ಇದನ್ನು ಬಯಲು ಮಾಡಲು ಲ್ಯಾಬ್ ಬೇಕಿಲ್ಲ. ಕಾಮಾಲೆ ಇಲ್ಲದ ಒಬ್ಬರ ಕೈಯನ್ನೂ ಅದೇ ತರ ತೊಳೆಸಿದರೆ ಸಾಕು. ಆ ನೀರೂ ಹಳದಿ. ಆ ಎರಡನೇ ವ್ಯಕ್ತಿಗೆ ವಿಜ್ಞಾನದಲ್ಲಿ 'ಕಂಟ್ರೋಲ್' ಅಂತ ಕರೆಯುತ್ತಾರೆ. ಔಷಧ ಸಂಶೋಧನೆಯ ಅರ್ಧ ಜೀವ ಇರುವುದು ಈ ಎರಡನೇ ವ್ಯಕ್ತಿಯಲ್ಲಿ.

ಅಂಗಡಿಯ ಪೊಟ್ಟಣದಲ್ಲಿ ಯಾವ ಗಿಡ ಇದೆ?

ನೆಲನೆಲ್ಲಿ ಯಾರಿಗೆ ಗೊತ್ತಿಲ್ಲ? ಮಳೆ ಬಿದ್ದ ಮೇಲೆ ಅಂಗಳದಲ್ಲಿ, ತೋಟದಲ್ಲಿ, ಗದ್ದೆಯ ಬದುವಿನಲ್ಲಿ ತಾನಾಗಿ ಏಳುವ ಕಳೆ. ಒಂದೂವರೆ ಅಡಿ ದಾಟುವುದು ಅಪರೂಪ. ಎಲೆ ಹುಣಸೆ ಎಲೆಯ ಹಾಗೆ ಎರಡು ಸಾಲಿನಲ್ಲಿ. ರೆಂಬೆಯನ್ನು ಮಗುಚಿ ನೋಡಿದರೆ ಅಡಿಯಲ್ಲಿ ಪುಟ್ಟ ಪುಟ್ಟ ಹಸಿರು ಕಾಯಿಗಳು ಸಾಲಾಗಿ ನೇತಾಡುತ್ತಿರುತ್ತವೆ. ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ.

ತೊಂದರೆ ಏನೆಂದರೆ, ಈ ಗುರುತಿಗೆ ಹೊಂದುವ ಗಿಡ ಒಂದಲ್ಲ. ಫೈಲಾಂಥಸ್ ಅನ್ನುವ ಕುಲದಲ್ಲಿ ಇಂಥ ಅಣ್ಣತಮ್ಮಂದಿರು ಹಲವರಿದ್ದಾರೆ. ಔಷಧಕ್ಕೆ ಹೆಚ್ಚಾಗಿ ಬಳಕೆಯಾಗುವುದು ಫೈಲಾಂಥಸ್ ಅಮಾರಸ್. ಅದರ ಪಕ್ಕದಲ್ಲೇ ಫ್ರಾಟರ್ನಸ್, ಡೆಬಿಲಿಸ್, ಯುರಿನಾರಿಯಾ, ಮದರಾಸ್‌ಪಟೆನ್ಸಿಸ್ ಬೆಳೆದಿರಬಹುದು. ಬೇರ್ಪಡಿಸಲು ಕೈಲೊಂದು ಭೂತಗನ್ನಡಿ ಬೇಕು. ಅಮಾರಸ್ ಹೂವು ಒಂದೆರಡು ಮಿಲಿಮೀಟರಿನದ್ದು. ಅದರ ಹಿಂದಿನ ಪುಟ್ಟ ದಳಗಳನ್ನು ಎಣಿಸಿದರೆ ಐದು. ಫ್ರಾಟರ್ನಸ್‌ನಲ್ಲಿ ಆರು. ಯುರಿನಾರಿಯಾದ ಕಾಂಡ ಕೆಂಪು ಛಾಯೆಯದ್ದು, ಕಾಯಿಗೆ ತೊಟ್ಟೇ ಇಲ್ಲವೆನ್ನುವಷ್ಟು ಕಡಿಮೆ, ಮೇಲ್ಮೈ ಒರಟು. ಕಾಯಿ ಒಡೆದು ಬೀಜ ನೋಡಿದರೆ ಅಮಾರಸ್‌ನಲ್ಲಿ ಗೀರುಗಳು ಉದ್ದಕ್ಕೆ, ಯುರಿನಾರಿಯಾದಲ್ಲಿ ಅಡ್ಡಕ್ಕೆ. ಮದರಾಸ್‌ಪಟೆನ್ಸಿಸ್‌ನ ಎಲೆ ತುದಿಯಲ್ಲಿ ಅಗಲ, ಬುಡದಲ್ಲಿ ಕಿರಿದು.

ಹಸಿ ಗಿಡದಲ್ಲಾದರೆ ಇಷ್ಟಾದರೂ ನೋಡಬಹುದು. ಒಣಗಿಸಿ, ಕತ್ತರಿಸಿ, ಚೀಲದಲ್ಲಿ ತುಂಬಿದ ಮೇಲೆ? ಹೂವಿಲ್ಲ, ಕಾಯಿ ಉದುರಿದೆ, ಎಲೆ ಪುಡಿಪುಡಿ. ಬೆಂಗಳೂರಿನ ಸಂಶೋಧಕರು ಇದನ್ನೇ ಪರೀಕ್ಷೆಗೆ ಒಡ್ಡಿದರು. ದಕ್ಷಿಣ ಭಾರತದ 25 ಗ್ರಂಥಿಗೆ ಅಂಗಡಿಗಳಿಂದ ನೆಲನೆಲ್ಲಿ ಅಂತ ಮಾರುವ ಸರಕು ತಂದು, ಗಿಡದ ರೂಪ ನೋಡಿಯೂ ಡಿಎನ್‌ಎ ಓದಿಯೂ ಗುರುತು ಹಿಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 76% ಅಂಗಡಿಗಳ ಸರಕು ಹೆಚ್ಚುಕಡಿಮೆ ಪೂರ್ತಿ ಅಮಾರಸ್ ಆಗಿತ್ತು. ಉಳಿದ 24%ರಲ್ಲಿ ಬೇರೆ ಐದು ಜಾತಿಯ ಫೈಲಾಂಥಸ್ ಸಿಕ್ಕವು. ನಾಲ್ಕು ಅಂಗಡಿಗೆ ಹೋದರೆ ಒಂದರಲ್ಲಿ ಬೇರೆ ಗಿಡ ಅಂದ ಹಾಗೆ. ಇದು ಬೇಕಂತಲೇ ಮಾಡಿದ ಕಲಬೆರಕೆ ಅಂತ ನನಗನಿಸುವುದಿಲ್ಲ. ಕೀಳುವವರಿಗೆ ಎಲ್ಲಾ ನೆಲನೆಲ್ಲಿಯೇ ತಾನೇ?

ಗೊಂದಲ ಅಂಗಡಿಯವರದ್ದು ಮಾತ್ರವಲ್ಲ. ಹಳೆಯ ಸಂಶೋಧನಾ ಪ್ರಬಂಧಗಳಲ್ಲಿ ನಮ್ಮ ನೆಲನೆಲ್ಲಿಯನ್ನು ಫೈಲಾಂಥಸ್ ನಿರೂರಿ ಅಂತ ಬರೆದಿರುತ್ತಾರೆ. ನಿಜವಾದ ನಿರೂರಿ ಅಮೆರಿಕ ಖಂಡದ ಗಿಡ. ಹಾಗಾಗಿ ಹಳೆಯ ಪ್ರಬಂಧದಲ್ಲಿ ನಿರೂರಿ ಅಂತ ಕಂಡರೆ, ಅವರು ನಿಜಕ್ಕೂ ಪರೀಕ್ಷಿಸಿದ್ದು ಯಾವುದು ಅಂತ ಮತ್ತೆ ಹುಡುಕಬೇಕು. ಅದಕ್ಕೇ ಈಗ ಒಳ್ಳೆಯ ಸಂಶೋಧಕರು ಮೊದಲು ಮಾಡುವ ಕೆಲಸ ಬಹಳ ಸಾದಾ. ಬಳಸಿದ ಗಿಡದ ಹೂ ಕಾಯಿ ಇರುವ ಒಂದು ರೆಂಬೆಯನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಎಲ್ಲಿ ಯಾವಾಗ ಕಿತ್ತದ್ದು ಅಂತ ಬರೆದು ಹರ್ಬೇರಿಯಂನಲ್ಲಿ ಇಡುತ್ತಾರೆ. ಮುಂದೆ ಯಾರಿಗೆ ಅನುಮಾನ ಬಂದರೂ ತೆಗೆದು ನೋಡಬಹುದು. ಈ ಹಾಳೆಯ ನಂಬರ್ ಇಲ್ಲದ ಪ್ರಬಂಧವನ್ನು ಸ್ವಲ್ಪ ಅನುಮಾನದಿಂದಲೇ ಓದುವುದು ಒಳ್ಳೆಯದು.

ಮದ್ರಾಸಿನ 59%

ಬರೂಕ್ ಬ್ಲುಂಬರ್ಗ್ ಅಮೆರಿಕದ ವೈದ್ಯ ವಿಜ್ಞಾನಿ. ಹೆಪಟೈಟಿಸ್ ಬಿ ವೈರಸ್ಸಿನ ಮೇಲ್ಮೈ ಪ್ರೋಟೀನನ್ನು 1960ರ ದಶಕದಲ್ಲಿ ಪತ್ತೆಹಚ್ಚಿದವರು. 1976ರಲ್ಲಿ ನೊಬೆಲ್ ಬಂತು. ಇವತ್ತು ನಮ್ಮ ಮಕ್ಕಳಿಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆಯ ಬೇರು ಇರುವುದು ಅವರ ಕೆಲಸದಲ್ಲಿ. ಲಸಿಕೆ ಇನ್ನೂ ಸೋಂಕು ತಗುಲದವರಿಗೆ ಸರಿ, ಆಗಲೇ ವೈರಸ್ ಹೊತ್ತವರಿಗೆ ಏನು ಮಾಡುವುದು? ಆ ಕಾಲಕ್ಕೆ ಒಳ್ಳೆಯ ಔಷಧಿ ಇರಲಿಲ್ಲ. ಬ್ಲುಂಬರ್ಗ್ ಮತ್ತು ಅವರ ಫಿಲಡೆಲ್ಫಿಯಾದ ಸಂಗಡಿಗರು ನಾಟಿ ಮದ್ದುಗಳ ಕಡೆ ತಿರುಗಿದರು. ನೆಲನೆಲ್ಲಿ ಕೈಗೆ ಸಿಕ್ಕಿತು.

ಮೊದಲು ಲ್ಯಾಬ್. ಗಿಡದ ಸಾರ ಹಾಕಿದರೆ ವೈರಸ್ ತನ್ನನ್ನು ನಕಲು ಮಾಡಿಕೊಳ್ಳಲು ಬಳಸುವ ಕಿಣ್ವ ಮಂಕಾಯಿತು. ಆಮೇಲೆ ವುಡ್‌ಚಕ್ ಅನ್ನುವ ಪ್ರಾಣಿ. ಅಳಿಲಿನ ಜಾತಿಗೆ ಸೇರಿದ, ಬಿಲದಲ್ಲಿ ಬದುಕುವ ಈ ಅಮೆರಿಕದ ಪ್ರಾಣಿಗೆ ನಮ್ಮ ಹೆಪಟೈಟಿಸ್ ಬಿಯನ್ನೇ ಹೋಲುವ ವೈರಸ್ ತಗುಲುತ್ತದೆ. ಸಾರವನ್ನು ಅದರ ಹೊಟ್ಟೆಯೊಳಗೆ ಚುಚ್ಚಿ ಕೊಟ್ಟಾಗ ಕೆಲವು ಪ್ರಾಣಿಗಳಲ್ಲಿ ವೈರಸ್ಸಿನ ಗುರುತು ಇಳಿಯಿತು. ಇದು 1987ರಲ್ಲಿ ಪ್ರಕಟವಾಯಿತು. ಆ ಪ್ರಬಂಧದಲ್ಲಿ ಗಿಡದ ಹೆಸರು ನಿರೂರಿ. ಮರುವರ್ಷದ ಪ್ರಬಂಧದಲ್ಲಿ ಅಮಾರಸ್!

ಆ ಮರುವರ್ಷದ್ದೇ ಮುಖ್ಯ. ಮದ್ರಾಸ್ ವಿಶ್ವವಿದ್ಯಾಲಯದ ಎಸ್.ಪಿ. ತ್ಯಾಗರಾಜನ್ ಮತ್ತು ತಂಡ, ಬ್ಲುಂಬರ್ಗ್ ಜೊತೆಗೂಡಿ ಮನುಷ್ಯರ ಮೇಲೆ ಪ್ರಯೋಗ ನಡೆಸಿ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ಕಾಮಾಲೆ ರೋಗಿಗಳನ್ನಲ್ಲ. ಹೆಪಟೈಟಿಸ್ ಬಿ ವೈರಸ್ಸನ್ನು ಮೈಯಲ್ಲಿ ಕಾಯಂ ಆಗಿ ಹೊತ್ತವರನ್ನು. ಇದು ಜಾಣ ಆಯ್ಕೆ. ಕಾಮಾಲೆ ತಾನಾಗಿ ಇಳಿಯುತ್ತದೆ, ಆದರೆ ಕಾಯಂ ಆಗಿ ಕೂತ ವೈರಸ್ ತಾನಾಗಿ ಹೋಗುವುದು ಬಹಳ ಅಪರೂಪ. ಹಾಗಾಗಿ ಯಾರ ಮೈಯಿಂದಾದರೂ ಹೋದರೆ ಅದಕ್ಕೆ ಕಾರಣ ಬೇಕು.

78 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಣಗಿಸಿದ ನೆಲನೆಲ್ಲಿಯ ಕ್ಯಾಪ್ಸೂಲ್, ಇನ್ನೊಂದಕ್ಕೆ ಪ್ಲಾಸಿಬೊ, ಅಂದರೆ ಔಷಧಿಯೇ ಇಲ್ಲದ ಹುಸಿ ಕ್ಯಾಪ್ಸೂಲ್. 30 ದಿನ ಕೊಟ್ಟು, ಎರಡು ಮೂರು ವಾರ ಬಿಟ್ಟು ರಕ್ತ ಪರೀಕ್ಷೆ. ನೆಲನೆಲ್ಲಿ ತಿಂದ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಮೇಲ್ಮೈ ಪ್ರೋಟೀನ್ ಇರಲಿಲ್ಲ. ಅಂದರೆ 59%. ಹುಸಿ ಕ್ಯಾಪ್ಸೂಲಿನ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು, 4%. ಇಂಥ ಫಲಿತಾಂಶ ಕಂಡರೆ ಯಾರಿಗಾದರೂ ರೋಮಾಂಚನ ಆಗದೇ ಇರುತ್ತಾ?

ಆದರೆ ಸ್ವಲ್ಪ ನಿಂತು ಲೆಕ್ಕ ಹಾಕಿ. 37 ಮತ್ತು 23 ಕೂಡಿದರೆ 60. ಶುರುವಾದದ್ದು 78ರಲ್ಲಿ. ಉಳಿದ 18 ಜನ ಎಲ್ಲಿ? ಅವರು ಕೊನೆಯ ಪರೀಕ್ಷೆಗೆ ಬರಲಿಲ್ಲ. ಇಂಥ ಪ್ರಯೋಗಗಳಲ್ಲಿ ಬಿಟ್ಟುಹೋದವರೇ ದೊಡ್ಡ ತಲೆನೋವು. ಗುಣ ಕಾಣದೆ ಬೇಸತ್ತು ಹೋದರೋ, ಪೂರ್ತಿ ಹುಷಾರಾಗಿ ಹೋದರೋ, ಊರಿಗೆ ಹೋದರೋ? ಅವರ ಫಲಿತಾಂಶ ಸೇರಿಸಿದರೆ ಶೇಕಡಾವಾರು ಎತ್ತ ಬೇಕಾದರೂ ವಾಲಬಹುದು. ತಂಡ ಮೋಸ ಮಾಡಿತು ಅಂತಲ್ಲ. ಚಿಕ್ಕ ಪ್ರಯೋಗದ ದೊಡ್ಡ ಫಲಿತಾಂಶವನ್ನು ಯಾರೂ ಒಮ್ಮೆಗೇ ನಂಬುವುದಿಲ್ಲ, ಬೇರೆಯವರು ಮತ್ತೆ ಮಾಡಿ ನೋಡುತ್ತಾರೆ.

ಮಾಡಿ ನೋಡಿದರು. 1990ರಲ್ಲಿ ಥಾಯ್ಲೆಂಡಿನವರು ಅದೇ ಲ್ಯಾನ್ಸೆಟ್‌ಗೆ ಬರೆದರು: ನಮ್ಮಲ್ಲಿ ಕೆಲಸ ಮಾಡಲಿಲ್ಲ. 1994ರಲ್ಲಿ ನ್ಯೂಜಿಲೆಂಡಿನವರು ಬರೆದರು: ನಮ್ಮಲ್ಲೂ ಇಲ್ಲ. 2011ರಲ್ಲಿ ಕೊಕ್ರೇನ್ ಅನ್ನುವ ಅಂತಾರಾಷ್ಟ್ರೀಯ ಸಂಸ್ಥೆ ಫೈಲಾಂಥಸ್ ಮೇಲಿನ 16 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿತು. ಕಾಯಂ ಆಗಿ ಕೂತ ಹೆಪಟೈಟಿಸ್ ಬಿಗೆ ಪ್ಲಾಸಿಬೊಗಿಂತ ಇದು ಮೇಲು ಅಂತ ನಂಬಲು ಸಾಕಷ್ಟು ಪುರಾವೆ ಇಲ್ಲ ಅಂತ ತೀರ್ಮಾನಿಸಿತು. ಬಹುತೇಕ ಪ್ರಯೋಗಗಳ ಗುಣಮಟ್ಟವೇ ಕಳಪೆ ಅಂತಲೂ ಹೇಳಿತು.

ಹಾಗಾದರೆ ಮದ್ರಾಸಿನಲ್ಲಿ ಆದದ್ದು ಏನು?

ಇಲ್ಲಿ ಎರಡು ಬಗೆಯ ಉತ್ತರ ಇದೆ. ಒಂದು, ಅದು ಸಣ್ಣ ಪ್ರಯೋಗದ ಆಕಸ್ಮಿಕ. ಇನ್ನೊಂದು, ಮದ್ರಾಸಿನಲ್ಲಿ ಕೊಟ್ಟ ಗಿಡವೂ ಬೇರೆಡೆ ಕೊಟ್ಟ ಗಿಡವೂ ಹೆಸರಿಗಷ್ಟೇ ಒಂದು. ಎರಡನೆಯದು ನೆಪ ಅನ್ನಿಸಬಹುದು, ಆದರೆ ಪೂರ್ತಿ ತಳ್ಳಿಹಾಕುವಂತಿಲ್ಲ. ಚೀನಾದಲ್ಲಿ ಮೂರು ಬೇರೆ ಬೇರೆ ಜಾಗದ ಫೈಲಾಂಥಸ್ ತಯಾರಿಕೆಗಳನ್ನು ಹೋಲಿಸಿ ನೋಡಿದ ಪ್ರಯೋಗ 1995ರಲ್ಲಿ ಪ್ರಕಟವಾಯಿತು. ಮೂರರ ಫಲಿತಾಂಶ ಒಂದೇ ತರ ಇರಲಿಲ್ಲ.

ಗಿಡ ಮಾತ್ರೆಯ ಹಾಗಲ್ಲ. ಪ್ಯಾರಾಸಿಟಮಾಲ್ 500 ಅಂದರೆ ಹುಬ್ಬಳ್ಳಿಯಲ್ಲೂ 500 ಮಿಲಿಗ್ರಾಂ, ಮಂಗಳೂರಿನಲ್ಲೂ 500. ನೆಲನೆಲ್ಲಿಯಲ್ಲಿ ಫೈಲಾಂಥಿನ್ ಅನ್ನುವ ಕಹಿ ಅಂಶ ಇದೆ. 1946ರಲ್ಲೇ ಟಿ.ಆರ್. ಶೇಷಾದ್ರಿ ಮತ್ತು ಅವರ ಸಹೋದ್ಯೋಗಿ ಇದನ್ನು ಬೇರ್ಪಡಿಸಿ ತೋರಿಸಿದ್ದರು. ಈ ಫೈಲಾಂಥಿನ್ ಎಲೆಯಲ್ಲಿ ಜಾಸ್ತಿ, ಕಾಂಡದಲ್ಲಿ ಕಡಿಮೆ. ಮಳೆಗಾಲದ ಗಿಡದಲ್ಲೊಂದು ಪ್ರಮಾಣ, ಬೇಸಿಗೆಯ ಗಿಡದಲ್ಲೊಂದು. ಜಾತಿ ಬದಲಾದರಂತೂ ಕೇಳುವುದೇ ಬೇಡ. ಹೀಗಿರುವಾಗ ಒಂದು ಹಿಡಿ ಸೊಪ್ಪು ಅಂದರೆ ಎಷ್ಟು ಔಷಧಿ? ಅದಕ್ಕಾಗಿ ಲ್ಯಾಬಿನಲ್ಲಿ ಫೈಲಾಂಥಿನ್‌ನಂಥ ಒಂದೆರಡು ಅಂಶಗಳನ್ನು ಗುರುತಿಗೆ ಇಟ್ಟುಕೊಂಡು, ಪ್ರತಿ ಬ್ಯಾಚಿನಲ್ಲೂ ಅವು ಇಂತಿಷ್ಟು ಇರಲೇಬೇಕು ಅಂತ ಅಳೆಯುತ್ತಾರೆ. ಇದರಲ್ಲೂ ಒಂದು ತೊಡಕು. ಗುರುತಿನ ಅಂಶವೇ ಕೆಲಸ ಮಾಡುವ ಅಂಶ ಆಗಿರಬೇಕು ಅಂತೇನಿಲ್ಲ. ಫೈಲಾಂಥಿನ್ ಅಳೆದರೆ ಗಿಡ ಸರಿಯಿದೆಯಾ ಅಂತ ಗೊತ್ತಾಗುತ್ತದೆ, ಗುಣ ಬರುತ್ತದಾ ಅಂತ ಗೊತ್ತಾಗುವುದಿಲ್ಲ.

ಗಾಜಿನ ನಳಿಕೆಯ ಫಲಿತಾಂಶದ ಬಗ್ಗೆಯೂ ಒಂದು ಮಾತು. ಪೇಪರುಗಳಲ್ಲಿ 'ವೈರಸ್ ಕೊಲ್ಲುವ ಗಿಡ ಪತ್ತೆ' ಅಂತ ಆಗಾಗ ಬರುತ್ತಿರುತ್ತದೆ. ನಳಿಕೆಯಲ್ಲಿ ವೈರಸ್ ಕೊಲ್ಲುವುದು ದೊಡ್ಡ ವಿಷಯವೇ ಅಲ್ಲ, ಬ್ಲೀಚಿಂಗ್ ಪೌಡರೂ ಕೊಲ್ಲುತ್ತದೆ. ನೆಲನೆಲ್ಲಿಯಲ್ಲಿ ಜೆರಾನಿಯಿನ್, ಕೊರಿಲಾಜಿನ್ ಅನ್ನುವ ಟ್ಯಾನಿನ್‌ಗಳಿವೆ. ಬಾಯಿಗೆ ಒಗರು ಕೊಡುವ ವಸ್ತುಗಳು ಇವು. ಟ್ಯಾನಿನ್‌ಗಳ ಸ್ವಭಾವವೇ ಸಿಕ್ಕ ಸಿಕ್ಕ ಪ್ರೋಟೀನಿಗೆ ಅಂಟಿಕೊಳ್ಳುವುದು. ನಳಿಕೆಯಲ್ಲಿ ಯಾವ ಕಿಣ್ವದ ಮೇಲೆ ಹಾಕಿದರೂ ಅದನ್ನು ಮಂಕು ಮಾಡಿಬಿಡಬಹುದು. ಆದರೆ ಕುಡಿದಾಗ ಅವು ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸೇರಿದ್ದೂ ಒಡೆದು ಬೇರೆಯಾಗಿರುತ್ತದೆ. ಲಿವರಿನ ಕೋಶದೊಳಗೆ ಅಡಗಿ ಕೂತ ವೈರಸ್‌ವರೆಗೆ ಎಷ್ಟು ತಲುಪೀತು? ವುಡ್‌ಚಕ್‌ಗೆ ಚುಚ್ಚಿ ಕೊಟ್ಟಿದ್ದರು ಅನ್ನುವುದನ್ನು ಇಲ್ಲಿ ನೆನಪಿಡಿ. ನಾವು ಕುಡಿಯುವುದು ಬಾಯಲ್ಲಿ.

ಸರ್ಪಗಂಧ ಯಾಕೆ ಗೆದ್ದಿತು?

ಇಷ್ಟೆಲ್ಲಾ ಹೇಳಿದರೆ ವಿಜ್ಞಾನಕ್ಕೆ ನಾಟಿ ಮದ್ದಿನ ಮೇಲೆ ಹಗೆ ಅಂತ ಅನಿಸಬಹುದು. ಹಾಗೇನಿಲ್ಲ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಸಿಗುವ ಸರ್ಪಗಂಧದ ಕಥೆ ನೋಡಿ. ಹುಚ್ಚಿಗೆ, ನಿದ್ದೆಗೆ, ಹಾವು ಕಡಿತಕ್ಕೆ ಅಂತ ಇದರ ಬೇರನ್ನು ಶತಮಾನಗಳಿಂದ ಬಳಸುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್, ಈ ಬೇರು ರಕ್ತದೊತ್ತಡ ಇಳಿಸುತ್ತದೆ, ಮನಸ್ಸನ್ನು ಶಾಂತ ಮಾಡುತ್ತದೆ ಅಂತ ಬರೆದರು. 1949ರಲ್ಲಿ ಮುಂಬೈನ ಹೃದಯ ತಜ್ಞ ರುಸ್ತುಂ ಜಾಲ್ ವಕೀಲ್ ತಮ್ಮ 50 ಬಿಪಿ ರೋಗಿಗಳ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರೆಸರ್ಪಿನ್ ಅನ್ನುವ ಅಂಶವನ್ನು ಬೇರ್ಪಡಿಸಿದರು. ಆಮೇಲೆ ಅದು ಜಗತ್ತಿನಾದ್ಯಂತ ಬಿಪಿ ಔಷಧಿಯಾಯಿತು.

ನೆಲನೆಲ್ಲಿ ಎಡವಿದ ಕಡೆಯೆಲ್ಲಾ ಸರ್ಪಗಂಧಕ್ಕೆ ದಾರಿ ಸಲೀಸಾಗಿತ್ತು. ಬಿಪಿಯನ್ನು ಪಟ್ಟಿ ಕಟ್ಟಿ ಅಂಕಿಯಲ್ಲಿ ಅಳೆಯಬಹುದು, ಬೆಳಿಗ್ಗೆ ಸಂಜೆ ನೋಡಬಹುದು. ವರ್ಷಗಳಿಂದ ಇರುವ ಬಿಪಿ ಕಾಮಾಲೆಯ ಹಾಗೆ ನಾಲ್ಕು ವಾರಕ್ಕೆ ತಾನಾಗಿ ಇಳಿಯುವುದಿಲ್ಲ. ಕೆಲಸ ಮಾಡುವ ಅಂಶ ಒಂದೇ, ಅದೂ ಬಹಳ ಜೋರಿನದ್ದು. ಮಿಲಿಗ್ರಾಂನ ಕಾಲು ಭಾಗ ಸಾಕು. ಬಾಯಲ್ಲಿ ನುಂಗಿದರೂ ರಕ್ತಕ್ಕೆ ಸೇರಿ ಮಿದುಳಿನವರೆಗೆ ಹೋಗುತ್ತದೆ.

ಅಷ್ಟಾದರೂ ಪೂರ್ತಿ ಸುಖಾಂತ್ಯ ಅಲ್ಲ. ರೆಸರ್ಪಿನ್ ತೆಗೆದುಕೊಂಡ ಕೆಲವರು ಖಿನ್ನತೆಗೆ ಜಾರಿದರು. ನರಕೋಶಗಳು ಕೂಡಿಟ್ಟುಕೊಂಡ ಸಿರೊಟೋನಿನ್, ಡೋಪಮಿನ್‌ನಂಥ ರಾಸಾಯನಿಕಗಳನ್ನು ಅದು ಬರಿದು ಮಾಡುತ್ತದೆ ಅಂತ ಆಮೇಲೆ ತಿಳಿಯಿತು. ಮನಸ್ಸಿನ ಕಾಯಿಲೆಗಳ ಹಿಂದೆ ಮಿದುಳಿನ ರಾಸಾಯನಿಕಗಳಿರಬಹುದು ಅನ್ನುವ ಯೋಚನೆ ಬಲವಾಗಲು ಇದೂ ಒಂದು ಕಾರಣವಾಯಿತು. ಈಗ ಬಿಪಿಗೆ ಇದಕ್ಕಿಂತ ಒಳ್ಳೆಯ ಮಾತ್ರೆಗಳಿವೆ. ಇನ್ನು ಹಾವು ಕಡಿತದ ವಿಷಯ: ಅಲ್ಲಿ ಜೀವ ಉಳಿಸುವುದು ಪ್ರತಿವಿಷದ ಇಂಜೆಕ್ಷನ್, ಸರ್ಪಗಂಧ ಅಲ್ಲ. ಒಂದೇ ಬೇರು, ಒಂದೇ ಪರಂಪರೆ. ಒಂದು ಬಳಕೆ ನಿಜವಾಯಿತು, ಇನ್ನೊಂದು ಅಲ್ಲ. ಅದಕ್ಕೇ 'ಅಜ್ಜಿ ಕಾಲದ ಮದ್ದು ಸುಳ್ಳಾ?' ಅಂತ ಯಾರಾದರೂ ಕೇಳಿದರೆ ಯಾವ ಮದ್ದು, ಯಾವುದಕ್ಕೆ ಅಂತ ತಿರುಗಿ ಕೇಳಬೇಕಾಗುತ್ತದೆ.

ಆಯುರ್ವೇದದವರ ತಕರಾರು

ಒಂದು ಅಂಶ ಹಿಂಡಿ ತೆಗೆದು ಪರೀಕ್ಷಿಸುವುದೇ ತಪ್ಪು ಅನ್ನುವ ವಾದ ಇದೆ. ಆಯುರ್ವೇದದಲ್ಲಿ ಗಿಡ ಇಡಿಯಾಗಿ ಕೆಲಸ ಮಾಡುತ್ತದೆ, ರೋಗಿಯ ಪ್ರಕೃತಿ ನೋಡಿ ಮದ್ದು ಬದಲಾಗುತ್ತದೆ, ಎಲ್ಲರಿಗೂ ಒಂದೇ ಕ್ಯಾಪ್ಸೂಲ್ ಕೊಟ್ಟು ಅಳೆದರೆ ಅದು ಆಯುರ್ವೇದದ ಪರೀಕ್ಷೆಯೇ ಅಲ್ಲ. ಈ ಮಾತಿನಲ್ಲಿ ಹುರುಳಿದೆ. ಆದರೆ ಹಾಗಾಗಿ ಪರೀಕ್ಷೆಯೇ ಸಾಧ್ಯವಿಲ್ಲ ಅನ್ನುವುದನ್ನು ಒಪ್ಪಲಾಗದು. ಕೊಯಮತ್ತೂರಿನಲ್ಲಿ ಸಂಧಿವಾತದ 43 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗ ನೋಡಿ. ವೈದ್ಯರು ಪ್ರತಿ ರೋಗಿಗೂ ಅವರವರಿಗೆ ತಕ್ಕ ಆಯುರ್ವೇದ ಮದ್ದು ಬರೆದರು. ಆದರೆ ಯಾರ ಪೊಟ್ಟಣದಲ್ಲಿ ನಿಜವಾದ ಮದ್ದು, ಯಾರದ್ದರಲ್ಲಿ ಹುಸಿ ಮದ್ದು ಅಂತ ಬರೆದ ವೈದ್ಯರಿಗೂ ಗೊತ್ತಿರಲಿಲ್ಲ, ರೋಗಿಗೂ ಗೊತ್ತಿರಲಿಲ್ಲ. ಒಂದು ಗುಂಪಿಗೆ ಆಯುರ್ವೇದ, ಒಂದಕ್ಕೆ ಮೆಥೊಟ್ರೆಕ್ಸೇಟ್ ಅನ್ನುವ ಅಲೋಪತಿ ಮಾತ್ರೆ, ಒಂದಕ್ಕೆ ಎರಡೂ. ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 43 ಜನರಿಂದ ಗೆಲುವು ಸೋಲು ತೀರ್ಮಾನಿಸಲಾಗದು. ಆದರೆ ಪ್ರಕೃತಿ ನೋಡಿ ಕೊಡುವ ಮದ್ದನ್ನೂ ಕಣ್ಣುಕಟ್ಟಿ ಪರೀಕ್ಷಿಸಬಹುದು ಅಂತ ಅದು ತೋರಿಸಿತು. ನನಗೆ ಇದು ನೆಲನೆಲ್ಲಿಯ 59%ಗಿಂತ ದೊಡ್ಡ ಸಾಧನೆ ಅನಿಸುತ್ತದೆ.

ಅಮೃತಬಳ್ಳಿ ಎಬ್ಬಿಸಿದ ಜಗಳ

ಗುಣ ಬಂತಾ ಅನ್ನುವುದು ಒಂದು ಪ್ರಶ್ನೆ, ಕೆಡುಕು ಮಾಡಿತಾ ಅನ್ನುವುದು ಇನ್ನೊಂದು. ಕೊರೊನಾ ಕಾಲದಲ್ಲಿ ಮನೆಮನೆಯಲ್ಲಿ ಅಮೃತಬಳ್ಳಿ ಕಷಾಯ ಕುದಿಯುತ್ತಿತ್ತು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಲಿವರಿಗೆ ಏಟು ಬಿದ್ದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅವರು ತಿಂದದ್ದು ಅಮೃತಬಳ್ಳಿ ಅಂತ ಯಾರು ಖಚಿತ ಮಾಡಿದರು, ಅದನ್ನೇ ಹೋಲುವ ಟಿನೊಸ್ಪೊರಾ ಕ್ರಿಸ್ಪಾ ಆಗಿರಬಹುದಲ್ಲ ಅಂತ ಕೇಳಿತು. ಮತ್ತೆ ಅದೇ ಗಿಡದ ಗುರುತಿನ ಪ್ರಶ್ನೆ! ಮುಂದಿನ ವರ್ಷ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ 43 ರೋಗಿಗಳ ವಿವರ ಪ್ರಕಟಿಸಿದರು. ಕುಡಿಯಲು ಶುರು ಮಾಡಿ ಸುಮಾರು ಒಂದೂವರೆ ತಿಂಗಳಿಗೆ ಲಕ್ಷಣ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿತ್ತು. ದೇಹದ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ತಿರುಗಿ ಬಿದ್ದ ಲಕ್ಷಣ ಹಲವರಲ್ಲಿತ್ತು. ಕೋಟ್ಯಂತರ ಜನ ಕುಡಿದಿರುವಾಗ 43 ದೊಡ್ಡ ಸಂಖ್ಯೆಯಲ್ಲ, ನಿಜ. ಆದರೆ ಇಮ್ಯೂನಿಟಿ ಹೆಚ್ಚಲಿ ಅಂತ ಕುಡಿಯುವ ಮದ್ದು ಇಮ್ಯೂನಿಟಿ ಆಗಲೇ ದಾರಿ ತಪ್ಪಿದವರಿಗೆ ಏನು ಮಾಡೀತು ಅಂತ ಯೋಚಿಸಬೇಕಾದ ವಿಷಯ.

ಇಂಥವು ಹೊರಬರದೇ ಇರಲು ಒಂದು ಕಾರಣ, ಕಷಾಯ ಕುಡಿದದ್ದನ್ನು ಡಾಕ್ಟರಿಗೆ ಯಾರೂ ಹೇಳುವುದಿಲ್ಲ. ಬೈಯುತ್ತಾರೆ ಅನ್ನುವ ಭಯ, ಇಲ್ಲಾ ಅದು ಔಷಧಿ ಅಂತಲೇ ಅನಿಸಿರುವುದಿಲ್ಲ. ಕಾಮಾಲೆ ಬಂದಾಗಲಂತೂ ಏನೇನು ಕುಡಿದಿದ್ದೀರಿ ಅಂತ ಹೇಳಲೇಬೇಕು. ಬಿಲಿರುಬಿನ್, ಲಿವರಿನ ಕಿಣ್ವಗಳು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನುವುದು, ಹೆಪಟೈಟಿಸ್ ವೈರಸ್‌ಗಳ ಪರೀಕ್ಷೆ, ಬೇಕಾದರೆ ಹೊಟ್ಟೆಯ ಸ್ಕ್ಯಾನ್. ಇಷ್ಟು ಮಾಡಿದರೆ ಇದು ತಾನಾಗಿ ಇಳಿಯುವ ಕಾಮಾಲೆಯೋ ಅಲ್ಲವೋ ಅನ್ನುವುದು ಬಹುಪಾಲು ತಿಳಿಯುತ್ತದೆ. ತಾನಾಗಿ ಇಳಿಯುವಂಥದ್ದಾದರೆ ನೆಲನೆಲ್ಲಿ ಕುಡಿದರೂ ಬಿಟ್ಟರೂ ಬಹುತೇಕರಿಗೆ ಇಳಿಯುತ್ತದೆ. ಮಾತು ತೊದಲುವುದು, ಹಗಲೆಲ್ಲಾ ಮಂಪರು, ನಿಲ್ಲದ ವಾಂತಿ, ಎಲ್ಲಿಂದಾದರೂ ರಕ್ತ ಬರುವುದು ಕಂಡರೆ ಮಾತ್ರ ಏಳು ದಿನದ ಲೆಕ್ಕ ಇಟ್ಟುಕೊಂಡು ಕೂರುವ ಹಾಗಿಲ್ಲ, ಲಿವರ್ ಸೋಲುತ್ತಿರಬಹುದು. ಗರ್ಭಿಣಿಯರ ವಿಷಯದಲ್ಲಿ ಇಷ್ಟೂ ಕಾಯಬಾರದು. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದರೆ 100ರಲ್ಲಿ 20 ರಿಂದ 25 ಜನರವರೆಗೆ ಜೀವ ಹೋಗಬಹುದು. ಕಣ್ಣು ಹಳದಿ ಕಂಡ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.